ಜಿಮ್ಮಿನ ಬಾಗಿಲು, ಮನೆಯ ಚಾಪೆ

ಕೆ.ವಿ. ಅಯ್ಯರ್ ಎಂದರೆ ಕನ್ನಡದ ಓದುಗರಿಗೆ ‘ಶಾಂತಲಾ’, ‘ರೂಪದರ್ಶಿ’ ಕಾದಂಬರಿಗಳು ನೆನಪಾಗುತ್ತವೆ. ಅವರ ಬದುಕು ನಡೆದದ್ದು ಮಾತ್ರ ಅಂಗಸಾಧನೆಯಿಂದ. ಬೆಂಗಳೂರಿನಲ್ಲಿ ವ್ಯಾಯಾಮಶಾಲೆ ನಡೆಸಿದರು, 1930ರಲ್ಲಿ ‘ಮಸಲ್ ಕಲ್ಟ್’ ಎಂಬ ಇಂಗ್ಲಿಷ್ ಪುಸ್ತಕ ತಂದರು, 1937ರಲ್ಲಿ ಸೂರ್ಯ ನಮಸ್ಕಾರದ ಮೇಲೆ ಇನ್ನೊಂದು. ಶಾಲೆಗೆ ಬರಲಾಗದವರಿಗೆ ಅಂಚೆಯಲ್ಲೇ ಪಾಠ ಕಳಿಸುತ್ತಿದ್ದರು. ಮನೆಯಲ್ಲಿ ಮಾಡುವುದೋ, ಜಿಮ್ಮಿಗೆ ಸೇರುವುದೋ ಎಂಬ ಪ್ರಶ್ನೆ ಯೂಟ್ಯೂಬ್ ಕಾಲದ್ದು ಅಂದುಕೊಂಡಿದ್ದೇವೆ. ಬೆಂಗಳೂರು ಅದರ ಎರಡೂ ಉತ್ತರಗಳನ್ನು ಒಬ್ಬನೇ ಮೇಷ್ಟ್ರ ಕೈಯಲ್ಲಿ ಕೊಡಿಸಿ ಹತ್ತಿರ ಹತ್ತಿರ ತೊಂಬತ್ತು ವರ್ಷವಾಯಿತು.

ಈ ಪ್ರಶ್ನೆಯನ್ನು ಈಗ ಎಲ್ಲರೂ ಅಂಗಡಿ ಲೆಕ್ಕದಂತೆ ಬಿಡಿಸುತ್ತಾರೆ. ಒಂದು ಕಡೆ ತಿಂಗಳ ಫೀಸು, ಪೆಟ್ರೋಲು, ಹೋಗಿಬರುವ ಹೊತ್ತು. ಇನ್ನೊಂದು ಕಡೆ ಒಂದು ಮ್ಯಾಟು, ಒಂದು ಜೊತೆ ಡಂಬೆಲ್ಲು. ಕೂಡಿ ಕಳೆದು ಮನೆಯೇ ಅಗ್ಗ ಎಂದು ಷರಾ ಬರೆಯುತ್ತಾರೆ. ಲೆಕ್ಕವೇನೋ ಸರಿ. ಆದರೆ ಜಿಮ್ಮು ನಿಜವಾಗಿ ಏನನ್ನು ಮಾರುತ್ತದೆ, ಮಾರುತ್ತೇನೆ ಅಂದದ್ದರಲ್ಲಿ ಎಷ್ಟನ್ನು ಕೊಡುತ್ತದೆ ಎಂದು ಯಾರೂ ಕೇಳುವುದಿಲ್ಲ.

ಮೊದಲು ಕಬ್ಬಿಣದ ಮಾತು. ಜಿಮ್ಮಿನ ದೊಡ್ಡ ಬಾರಿನ ತೂಕ ಸಾಮಾನ್ಯವಾಗಿ 20 ಕೆ.ಜಿ. ಅದರ ಎರಡೂ ತುದಿಗೆ 1.25 ಕೆ.ಜಿ.ಯ ಚಿಕ್ಕ ಪ್ಲೇಟು ಸಿಕ್ಕಿಸಿದರೆ ಒಟ್ಟು ಎರಡೂವರೆ ಕಿಲೋ ಏರುತ್ತದೆ. ಈ ವಾರ 40 ಎತ್ತಿದವರು ಮುಂದಿನ ವಾರ 42.5ಕ್ಕೆ ಕೈ ಹಾಕಬಹುದು. ಮೈಗೆ ಗೊತ್ತೇ ಆಗದಷ್ಟು ಚಿಕ್ಕ ಮೆಟ್ಟಿಲು ಅದು. ಮನೆಯಲ್ಲಿ ಮಂಚದ ಕೆಳಗೆ ಇರುವುದು ಐದು ಕಿಲೋದ ಡಂಬೆಲ್ಲು. ಅದು ಹಗುರಾಯಿತು ಎಂದು ಅಂಗಡಿಗೆ ಹೋದರೆ ಸಿಗುವ ಮುಂದಿನದು ಏಳೂವರೆ. ಒಂದೇ ಏಟಿಗೆ ಅರ್ಧದಷ್ಟು ಹೆಚ್ಚು. ಭುಜ ಒಪ್ಪುವುದಿಲ್ಲ, ಹಳೆಯ ಐದಕ್ಕೇ ವಾಪಸು. ಮನೆ ವ್ಯಾಯಾಮ ನಿಂತುಹೋಗುವುದಕ್ಕೆ ಸೋಮಾರಿತನವನ್ನು ದೂರುತ್ತೇವೆ, ಎಷ್ಟೋ ಸಲ ಕಾರಣ ಈ ಮಧ್ಯದ ಮೆಟ್ಟಿಲು ಇಲ್ಲದಿರುವುದು. ಹಗುರ ಭಾರವನ್ನೇ ಇನ್ನಾಗದು ಅನ್ನುವವರೆಗೆ ಎತ್ತಿದರೂ ಸ್ನಾಯು ಬೆಳೆಯುತ್ತದೆ, ನಿಜ. ಆದರೆ ಬಲ ಹೆಚ್ಚಬೇಕಾದರೆ ಭಾರ ಹೆಚ್ಚಲೇಬೇಕು. ಬೆನ್ನಿನ ಬ್ಯಾಗಿಗೆ ರಾಗಿ ಹಿಟ್ಟಿನ ಪ್ಯಾಕೆಟ್ ತುಂಬಿ ಬಸ್ಕಿ ಹೊಡೆಯುವ ಜಾಣರಿದ್ದಾರೆ. ಅವರಿಗೆ ನನ್ನ ನಮಸ್ಕಾರ. ಒಂದೊಂದೇ ಕಿಲೋ ಏರಿಸಲು ಅದಕ್ಕಿಂತ ಅಗ್ಗದ ದಾರಿ ನನಗೆ ಗೊತ್ತಿಲ್ಲ.

ಮನೆಯ ಇನ್ನೊಂದು ಕೊರತೆ ಬೆನ್ನಿನದು. ದಂಡೆ ಹೊಡೆದರೆ ಎದೆ, ಭುಜ, ತೋಳಿಗೆ ಕೆಲಸ. ಬಸ್ಕಿ ತೊಡೆಗೆ. ಎರಡಕ್ಕೂ ನೆಲ ಸಾಕು. ಬೆನ್ನಿಗೆ ಮಾತ್ರ ಎಳೆಯುವ ಕೆಲಸ ಬೇಕು, ಎಳೆಯಲಿಕ್ಕೆ ಮನೆಯಲ್ಲಿ ಏನೂ ಇರುವುದಿಲ್ಲ. ನೇತಾಡಲು ತೊಲೆಯಿಲ್ಲ, ಬಾಗಿಲ ಚೌಕಟ್ಟಿಗೆ ಸಿಕ್ಕಿಸುವ ಬಾರನ್ನು ಮನೆ ಮಾಲೀಕರು ಕಂಡರೆ ಅಡ್ವಾನ್ಸಿನಲ್ಲಿ ಮುರಿದುಕೊಳ್ಳುತ್ತಾರೆ. ಹಗಲೆಲ್ಲ ಕಂಪ್ಯೂಟರಿನ ಮುಂದೆ ಭುಜ ಬಾಗಿಸಿ ಕೂತು, ಸಂಜೆ ಬರೀ ದಂಡೆ ಹೊಡೆಯುವವರ ಭುಜ ಇನ್ನಷ್ಟು ಮುಂದಕ್ಕೇ ಬಾಗುತ್ತದೆ. ನಮ್ಮ ಗರಡಿಮನೆಗಳಲ್ಲಿ ಈ ತೊಂದರೆ ಇರಲಿಲ್ಲ. ಅಲ್ಲಿ ಕುಸ್ತಿಗೆ ಮುಂಚೆ ಮಟ್ಟಿಯ ಮಣ್ಣನ್ನು ಗುದ್ದಲಿಯಿಂದ ಅಗೆದು ಹದ ಮಾಡುವುದೇ ಒಂದು ಸಾಧನೆ, ಆಮೇಲೆ ಎದುರಾಳಿಯನ್ನು ಹಿಡಿದೆಳೆಯುವುದಂತೂ ಇದ್ದೇ ಇದೆ. ಇವತ್ತಿನ ಮಟ್ಟಿಗೆ ಬೆಂಗಳೂರಿನಂಥ ಊರಿನಲ್ಲಿ ಈ ಕೊರತೆ ತುಂಬುವುದು ಪಾರ್ಕು. ಪಾರ್ಕಿನ ಬಯಲು ಜಿಮ್ಮಿನಲ್ಲಿ ಬಣ್ಣ ಬಳಿದ ಉಪಕರಣಗಳು ಬಹಳ. ಕಾಲು ಹಿಂದೆ ಮುಂದೆ ತೂಗಾಡಿಸುವ ಆ ಯಂತ್ರದಿಂದ ಮಕ್ಕಳಿಗೆ ಖುಷಿ, ಹಿರಿಯರಿಗೆ ಹರಟೆಯ ಜಾಗ, ಅಷ್ಟೇ. ಭಾರ ಏರಿಸಲು ಬಾರದ ಯಂತ್ರದಿಂದ ಎಷ್ಟೆಂದು ನಿರೀಕ್ಷಿಸುವುದು? ಅದರ ಪಕ್ಕದಲ್ಲಿ ಯಾರೂ ಮುಟ್ಟದೆ ನಿಂತಿರುವ ಅಡ್ಡ ಕಂಬಿ ಇರುತ್ತದಲ್ಲ, ಅಲ್ಲಿರುವ ಕೆಲಸಕ್ಕೆ ಬರುವ ವಸ್ತು ಅದೊಂದೇ.

ಹಾಗಾಗಿ ಕಬ್ಬಿಣದ ವಿಷಯದಲ್ಲಿ ಜಿಮ್ಮು ಗೆದ್ದಿದೆ. ಕಲಿಸುವ ವಿಷಯಕ್ಕೆ ಬಂದರೆ ನನ್ನ ತಕರಾರು ಶುರು.

ಗರಡಿಯಲ್ಲಿ ಉಸ್ತಾದ್ ಇರುತ್ತಿದ್ದರು. ಮಟ್ಟಿಯ ಅಂಚಿನಲ್ಲಿ ಕೂತು ನೋಡುವುದೇ ಅವರ ಕೆಲಸ. ಬಡಾವಣೆಯ ಜಿಮ್ಮಿನಲ್ಲಿ ಆ ಜಾಗಕ್ಕೆ ಟ್ರೈನರ್ ಬಂದಿದ್ದಾರೆ. ಸೇರಿದ ಮೊದಲ ದಿನ ಒಂದು ಕಾರ್ಡು ಬರೆದು ಕೊಡುತ್ತಾರೆ: ಸೋಮವಾರ ಚೆಸ್ಟು, ಮಂಗಳವಾರ ಬ್ಯಾಕು, ಬುಧವಾರ ಶೋಲ್ಡರು. ಇಪ್ಪತ್ತರ ಹುಡುಗನಿಗೂ ಐವತ್ತೈದರ ಬ್ಯಾಂಕ್ ನೌಕರನಿಗೂ ಅದೇ ಕಾರ್ಡು. ಎರಡನೆಯ ವಾರದಿಂದ ಅವರು ನಿಮ್ಮ ಕಡೆ ತಿರುಗಬೇಕಾದರೆ ‘ಪರ್ಸನಲ್ ಟ್ರೈನಿಂಗ್’ ಎಂದು ಬೇರೆ ದುಡ್ಡು. ಒಂದು ಕಡೆ ಕಣ್ಣಾರೆ ನೋಡಿದ್ದು: ಹುಡುಗನೊಬ್ಬ ಬೆನ್ನನ್ನು ಬಿಲ್ಲಿನ ಹಾಗೆ ಬಗ್ಗಿಸಿಕೊಂಡು ನೆಲದಿಂದ ಬಾರ್ ಎತ್ತುತ್ತಿದ್ದಾನೆ, ಮೂರು ಹೆಜ್ಜೆ ಆಚೆ ನಿಂತ ಟ್ರೈನರ್ ಅವನ ರೀಲ್ ತೆಗೆಯುತ್ತಿದ್ದಾರೆ. ಸೊಂಟದ ಬಗ್ಗೆ ಒಂದು ಮಾತಿಲ್ಲ, ಬೆಳಕು ಸರಿ ಬೀಳುತ್ತಿಲ್ಲ ಅಂತ ಮಾತ್ರ ಹೇಳಿದರು. ಎಲ್ಲ ಕಡೆಯೂ ಹೀಗೇ ಅನ್ನಲಾರೆ. ಪ್ರತಿಯೊಬ್ಬರ ಮಂಡಿ ಒಳಕ್ಕೆ ಬೀಳುತ್ತಿದೆಯೇ ಎಂದು ಓಡಾಡಿ ನೋಡುವ ಟ್ರೈನರುಗಳೂ ಇದ್ದಾರೆ. ಅಂಥವರು ಸಿಕ್ಕರೆ ಫೀಸಿನ ಬಗ್ಗೆ ಚೌಕಾಶಿ ಬೇಡ. ಸಿಗದಿದ್ದರೆ ಮನೆಯಲ್ಲಿ ಮೊಬೈಲನ್ನು ನೀರಿನ ಕ್ಯಾನಿಗೆ ಒರಗಿಸಿಟ್ಟು, ಪಕ್ಕದಿಂದ ಬಸ್ಕಿಯ ವಿಡಿಯೋ ತೆಗೆದು ತಾವೇ ನೋಡಿಕೊಳ್ಳುವುದು ಜಿಮ್ಮಿನ ಗೋಡೆ ತುಂಬ ಇರುವ ಕನ್ನಡಿಗಿಂತ ಮೇಲು. ಪಕ್ಕದ ಕನ್ನಡಿ ನೋಡಲು ಕತ್ತು ತಿರುಗಿಸಿದರೆ ಭಂಗಿಯೇ ಕೆಡುತ್ತದೆ.

ಇನ್ನು ದುಡ್ಡು. ಸ್ಟೆಫಾನೊ ಡೆಲ್ಲಾವಿನ್ಯಾ ಮತ್ತು ಉಲ್ರಿಕೆ ಮಾಲ್ಮೆಂಡಿಯರ್ ಎಂಬ ಇಬ್ಬರು ಅರ್ಥಶಾಸ್ತ್ರಜ್ಞರು ಅಮೆರಿಕದ ಮೂರು ಹೆಲ್ತ್ ಕ್ಲಬ್ಬುಗಳ 7,752 ಸದಸ್ಯರ ಹಾಜರಿಯನ್ನು ಪರಿಶೀಲಿಸಿ 2006ರಲ್ಲಿ ಒಂದು ಪ್ರಬಂಧ ಪ್ರಕಟಿಸಿದರು. ತಿಂಗಳಿಗೆ 70 ಡಾಲರಿಗೂ ಹೆಚ್ಚು ಕಟ್ಟುವ ಒಪ್ಪಂದ ಮಾಡಿಕೊಂಡವರು ಸರಾಸರಿ ಹೋದದ್ದು ತಿಂಗಳಿಗೆ 4.3 ಸಲ. ಹೋದ ಒಂದೊಂದು ಸಲಕ್ಕೆ 17 ಡಾಲರಿಗಿಂತ ಹೆಚ್ಚು ಬಿತ್ತು. ಹತ್ತು ಸಲದ ಪಾಸು ತೆಗೆದುಕೊಂಡಿದ್ದರೆ ಒಂದು ಸಲಕ್ಕೆ 10 ಡಾಲರಲ್ಲಿ ಮುಗಿಯುತ್ತಿತ್ತು. ನಮ್ಮ ಹೊಸ ವರ್ಷದ ‘ವಾರ್ಷಿಕ ಆಫರ್’ ಇದೇ ಮರದ ಕೊಂಬೆ. ಸೇರಿದವರೆಲ್ಲ ಒಂದೇ ಸಂಜೆ ಏಳು ಗಂಟೆಗೆ ಬಂದರೆ ನಿಲ್ಲಲೂ ಜಾಗ ಸಾಲದು. ಬಾರದವರ ದುಡ್ಡು ಬಂದವರ ಬಾಡಿಗೆಯನ್ನು ಕಟ್ಟುತ್ತದೆ. 2025ರ ಸೆಪ್ಟೆಂಬರ್ 22ರಿಂದ ಜಿಮ್ಮಿನ ಮೇಲಿನ ಜಿಎಸ್‌ಟಿ ಶೇ 18ರಿಂದ ಶೇ 5ಕ್ಕೆ ಇಳಿದಿದೆ. ಹನ್ನೆರಡು ಸಾವಿರದ ಫೀಸಿನ ಮೇಲೆ 1,560 ರೂಪಾಯಿ ತೆರಿಗೆ ಕಡಿಮೆ. ಫೆಬ್ರುವರಿಯಿಂದ ಹೋಗುವುದನ್ನು ಬಿಟ್ಟವರಿಗೆ ಈ ಉಳಿತಾಯ ಯಾವ ಮೂಲೆಗೆ?

ಇಷ್ಟೆಲ್ಲ ಕೊಂಕು ತೆಗೆದ ಮೇಲೂ ಜಿಮ್ಮನ್ನು ನಾನು ಬಿಟ್ಟುಕೊಡದಿರುವುದು ಒಂದು ಕಾರಣಕ್ಕೆ. ಅದು ಮನೆಯಲ್ಲ.

ಭಾರತದ ವಯಸ್ಕರಲ್ಲಿ ಅರ್ಧದಷ್ಟು ಮಂದಿ, ಅಂದರೆ ಶೇ 49.4, ದೇಹಕ್ಕೆ ಬೇಕಾದಷ್ಟು ಚಟುವಟಿಕೆ ಮಾಡುವುದಿಲ್ಲ ಎಂಬ 2022ರ ಅಂದಾಜು ‘ಲ್ಯಾನ್ಸೆಟ್ ಗ್ಲೋಬಲ್ ಹೆಲ್ತ್’ ಪತ್ರಿಕೆಯಲ್ಲಿ ಬಂತು. ಗಂಡಸರಲ್ಲಿ ಇದು ಶೇ 42ರ ಆಸುಪಾಸು, ಹೆಂಗಸರಲ್ಲಿ ಶೇ 57. ‘ಮನೇಲೇ ಮಾಡಬಹುದಲ್ಲ, ಅದಕ್ಕೆ ಯಾಕೆ ದುಡ್ಡು?’ ಎಂಬ ಮಾತು ಬೀಳುವುದೂ ಹೆಚ್ಚಾಗಿ ಈ ಎರಡನೆಯವರ ಕಿವಿಗೇ. ಬೆಳಿಗ್ಗೆ ಆರೂವರೆಗೆ ಹಾಲಿನಲ್ಲಿ ಚಾಪೆ ಹಾಸಿದ ಗೃಹಿಣಿಯ ಅರ್ಧ ಗಂಟೆಯನ್ನು ನೋಡಿ. ಕುಕ್ಕರ್ ಕೂಗುತ್ತದೆ. ಮಗನ ಸಾಕ್ಸ್ ಒಂದೇ ಇದೆ. ‘ಏನಮ್ಮ, ಇವತ್ತು ತಿಂಡಿಗೆ ಏನು?’ ಎಂದು ಅತ್ತೆ ಚಾಪೆಯ ತುದಿಯಲ್ಲೇ ನಿಂತು ಕೇಳುತ್ತಾರೆ. ಗಂಡ ಪೇಪರು ಮಡಿಸುತ್ತ ‘ನೀನು ಮಾಡು ಮಾಡು, ಕಾಫಿ ಆಮೇಲೆ ಕೊಡು’ ಎಂದು ದೊಡ್ಡ ಮನಸ್ಸು ಮಾಡುತ್ತಾನೆ. ಮನೆಯಲ್ಲಿ ಸಮಯ ಉಳಿಯುತ್ತದೆ ಅನ್ನುವುದು ಮನೆಯಲ್ಲಿ ಯಾರೂ ಕರೆಯದೆ ಇರುವವರು ಹೇಳುವ ಮಾತು. ತಾಲ್ಲೂಕು ಊರುಗಳಲ್ಲೂ ಈಗ ಹನ್ನೊಂದು ಗಂಟೆಯ ಲೇಡೀಸ್ ಬ್ಯಾಚು ತುಂಬುತ್ತಿದ್ದರೆ ಅದಕ್ಕೆ ಯಂತ್ರಗಳಷ್ಟೇ ಕಾರಣವಲ್ಲ. ಆ ಒಂದು ಗಂಟೆ ಅವರನ್ನು ಯಾರೂ ಏನೂ ಕೇಳುವಂತಿಲ್ಲ. ಗರಡಿಯ ಗುಣಗಾನ ಮಾಡುವ ನಾವು, ಆ ಮನೆಯ ತಗ್ಗು ಬಾಗಿಲು ಹೆಣ್ಣುಮಕ್ಕಳಿಗೆ ತೆರೆದೇ ಇರಲಿಲ್ಲ ಎಂಬುದನ್ನು ಮರೆಯುತ್ತೇವೆ.

ಒಳಗೆ ಬಂದವರನ್ನು ಜಿಮ್ಮು ನಡೆಸಿಕೊಳ್ಳುವ ರೀತಿ ಬೇರೆ ಮಾತು. ಲೇಡೀಸ್ ಬ್ಯಾಚಿನವರನ್ನು ಟ್ರೆಡ್‌ಮಿಲ್ಲಿಗೆ ಹತ್ತಿಸಿ, ಇಳಿದ ಮೇಲೆ ಗುಲಾಬಿ ಬಣ್ಣದ ಎರಡು ಕಿಲೋ ಡಂಬೆಲ್ಲು ಕೈಗೆ ಕೊಟ್ಟು ಮುಗಿಸುವುದು ಎಷ್ಟೋ ಕಡೆಯ ಪದ್ಧತಿ. ಹತ್ತು ಕಿಲೋ ಮಗುವನ್ನು ಸೊಂಟದ ಮೇಲೆ ಹೊತ್ತುಕೊಂಡೇ ಮೆಟ್ಟಿಲು ಹತ್ತಿದವರಿಗೆ ಎರಡು ಕಿಲೋ! ಮುಟ್ಟು ನಿಂತ ಮೇಲೆ ಮೂಳೆ ಸವೆಯುವುದು ಜೋರಾಗುವುದು ಹೆಂಗಸರಲ್ಲಿಯೇ, ಭಾರ ಎತ್ತುವ ವ್ಯಾಯಾಮದ ಅಗತ್ಯ ಹೆಚ್ಚು ಇರುವುದೂ ಅವರಿಗೇ. ವಿಶ್ವ ಆರೋಗ್ಯ ಸಂಸ್ಥೆ 2020ರಲ್ಲಿ ಹೇಳಿದ್ದು ವಾರಕ್ಕೆ 150ರಿಂದ 300 ನಿಮಿಷ ಚುರುಕು ನಡಿಗೆಯಂಥ ಚಟುವಟಿಕೆ, ಜೊತೆಗೆ ಕನಿಷ್ಠ ಎರಡು ದಿನ ಸ್ನಾಯು ಬಲಪಡಿಸುವ ಕೆಲಸ. ಮೊದಲರ್ಧವನ್ನು ನಮ್ಮ ವಾಕಿಂಗ್ ಬಳಗಗಳು ಕಂಠಪಾಠ ಮಾಡಿವೆ, ಎರಡನೆಯ ಅರ್ಧ ಯಾರ ಕಿವಿಗೂ ಬಿದ್ದಂತಿಲ್ಲ.

ನಟ ಪುನೀತ್ ರಾಜ್‌ಕುಮಾರ್ 2021ರ ಅಕ್ಟೋಬರ್ 29ರಂದು ಹೃದಯಾಘಾತದಿಂದ ತೀರಿಕೊಂಡಾಗ ಜಿಮ್ಮು ಎಂಬ ಹೆಸರೇ ಹೆದರಿಕೆಯಾಯಿತು, ಜಯದೇವ ಆಸ್ಪತ್ರೆಯ ಮುಂದೆ ತಪಾಸಣೆಗೆ ಜನ ಸಾಲುಗಟ್ಟಿದರು. ತಪಾಸಣೆ ಒಳ್ಳೆಯದೇ, ನಲವತ್ತು ದಾಟಿದವರಿಗೂ ಮನೆತನದಲ್ಲಿ ಹೃದ್ರೋಗ ಇರುವವರಿಗೂ ಇನ್ನೂ ಒಳ್ಳೆಯದು. ಆದರೆ ಎದೆಯ ರೋಗಕ್ಕೆ ನೀವು ವ್ಯಾಯಾಮ ಮಾಡುವ ವಿಳಾಸ ಗೊತ್ತಿರುವುದಿಲ್ಲ.

ಹಾಗಾದರೆ ಯಾರು ಎಲ್ಲಿ? ಒಂಟಿಯಾಗಿರುವವರು, ಪಾಳಿ ಕೆಲಸದವರು, ಜನರ ಮುಂದೆ ಮೈ ಬಗ್ಗಿಸಲು ನಾಚುವವರು ಮನೆಯಲ್ಲೇ ಶುರುಮಾಡಲಿ. ಕುರ್ಚಿಯಿಂದ ಕೈ ಊರದೆ ಏಳುವುದು, ಗೋಡೆಗೆ ದಂಡೆ, ಮೆಟ್ಟಿಲು ಹತ್ತುವುದು ಅರವತ್ತು ದಾಟಿದವರಿಗೂ ಮೊದಲ ತಿಂಗಳುಗಳಿಗೆ ಧಾರಾಳ ಸಾಕು. ಇಪ್ಪತ್ತು ದಂಡೆ ಸಲೀಸಾಗಿ ಹೊಡೆಯುವಷ್ಟಾದ ಮೇಲೆ ಮನೆ ಕೊಡುವುದು ಕಡಿಮೆ. ಆಗ ಕಬ್ಬಿಣದ ಕಡೆ ಹೊರಡಬಹುದು. ಮನೆಯಲ್ಲಿ ಅರ್ಧ ಗಂಟೆಯೂ ತಮ್ಮದಲ್ಲದವರು ಇಷ್ಟು ಕಾಯಬೇಕಿಲ್ಲ, ಮೊದಲ ದಿನವೇ ಜಿಮ್ಮಿಗೆ ಹೋಗಲಿ, ಫೀಸಿನ ಲೆಕ್ಕವನ್ನು ಮನೆಯವರು ಆಮೇಲೆ ಮಾಡಿಕೊಳ್ಳಲಿ.

ಸೇರುವ ಮುಂಚೆ ನೀವು ದಿನಾ ಹೋಗಬೇಕೆಂದಿರುವ ಹೊತ್ತಿಗೇ ಒಮ್ಮೆ ಹೋಗಿ ನೋಡಿ. ಮಧ್ಯಾಹ್ನ ಮೂರಕ್ಕೆ ಎಲ್ಲ ಜಿಮ್ಮೂ ಚೆಂದ. ಸಂಜೆ ಏಳಕ್ಕೆ ಬಾರಿನ ಹತ್ತಿರ ಎಷ್ಟು ಜನ ಕಾಯುತ್ತಿದ್ದಾರೆ, ಟ್ರೈನರ್ ಕಣ್ಣು ಎಲ್ಲಿದೆ, ಚಿಕ್ಕ ಪ್ಲೇಟುಗಳು ಇವೆಯೋ ಕಳೆದುಹೋಗಿವೆಯೋ ನೋಡಿ. ಆಫೀಸಿನಿಂದ ಮನೆಗೆ ಬರುವ ದಾರಿಯಲ್ಲಿ ಇಲ್ಲದ ಜಿಮ್ಮು ಎಷ್ಟೇ ದೊಡ್ಡದಿದ್ದರೂ ಬೇಡ. ದರ ಹೆಚ್ಚಾದರೂ ಒಂದು ತಿಂಗಳಿಗೇ ಕಟ್ಟಿ. ವರ್ಷದ ಆಫರ್ ಇವತ್ತಿಗೇ ಕೊನೆ ಸರ್ ಅನ್ನುತ್ತಾರೆ. ಮುಂದಿನ ತಿಂಗಳೂ ಇರುತ್ತದೆ.