ಮರದ ಬಣ್ಣ ಯಾರ ಪಾಲು?

ರುಮಾಲೆ ಚನ್ನಬಸವಯ್ಯನವರ ಚಿತ್ರಗಳು ನಮ್ಮ ಕಣ್ಣಿಗೆ ಬಿದ್ದದ್ದು ತಡವಾಗಿ. 1988ರಲ್ಲಿ ಅವರು ತೀರಿಕೊಂಡು ಎಷ್ಟೋ ವರ್ಷವಾದ ಮೇಲೆ, ಸಹಕಾರನಗರದ ರುಮಾಲೆ ಹೌಸ್‌ನಲ್ಲಿ. ಒಂದೆರಡಲ್ಲ, ಗೋಡೆ ತುಂಬ. ಗುಲ್‌ಮೊಹರಿನ ಕೆಂಪು, ಜಕರಂಡದ ನೇರಳೆ, ಕಬ್ಬನ್ ಪಾರ್ಕು, ಲಾಲ್‌ಬಾಗು. ಹಸಿದವರು ಹೊಟ್ಟೆ ತುಂಬ ಉಂಡ ಹಾಗಾಯಿತು.

ನಮ್ಮ ಅಪ್ಪಂದಿರಿಗೆ ಬಣ್ಣ ಅಂದರೆ ಊರಗೌಡರ ಗೋಡೆಗೆ ಬಳಿದ ಸುಣ್ಣ, ಕೆಮ್ಮಣ್ಣು. ಚಿತ್ರಶಾಲೆಯ ಬಾಗಿಲು ಗುಡಿಯ ಬಾಗಿಲಿನಷ್ಟೇ ದೂರ.

ಈ ಮನುಷ್ಯ ಹುಟ್ಟಿದ್ದು 1910ರಲ್ಲಿ, ದೊಡ್ಡಬಳ್ಳಾಪುರದಲ್ಲಿ. ಚಿತ್ರ ಕಲಿಯುವುದನ್ನು ಬಿಟ್ಟು ಸ್ವಾತಂತ್ರ್ಯ ಚಳವಳಿಗೆ ಹೋದರು, ಜೈಲು ಕಂಡರು, ‘ತಾಯಿನಾಡು’ ಪತ್ರಿಕೆಯ ಸಂಪಾದಕರಾದರು, ಶಾಸಕರೂ ಆದರು. 1962ರ ಸುಮಾರಿಗೆ ಅದೆಲ್ಲ ಕೊಡವಿ ಮತ್ತೆ ಕುಂಚ ಹಿಡಿದರು. ಐವತ್ತು ದಾಟಿದ ಮೇಲೆ! ತಡ ಅನ್ನೋದು ಅವರಿಗೂ ಹೊಸದಲ್ಲ ಬಿಡಿ.

ಕೋಣೆಯಲ್ಲಿ ಕೂತು ಬರೆದವರಲ್ಲ, ಮರದೆದುರು ಬಿಸಿಲಲ್ಲಿ ನಿಂತವರು. ಚಿತ್ರವೇ ಅದನ್ನು ಹೇಳುತ್ತದೆ: ನೆರಳು ಕೂಡ ಬರೀ ಕಪ್ಪಲ್ಲ, ಅದರೊಳಗೆ ನೀಲಿ, ನೇರಳೆ ಆಡುತ್ತವೆ.

ಗೆಳೆಯರು ಕೇಳಬಹುದು: ಉದುರಿದ ಹೂ ಗುಡಿಸುವ ಹೆಂಗಸು ಎಲ್ಲಿ ಸ್ವಾಮಿ? ನ್ಯಾಯವಾದ ಪ್ರಶ್ನೆ. ಇಲ್ಲಿ ಮರವೇ ಯಜಮಾನ, ಮನುಷ್ಯ ಸಣ್ಣವನು. ಅದು ಕೊರತೆಯೇ ಸರಿ. ಹಾಗಂತ ಹೂ ನೋಡುವ ಸುಖವನ್ನು ಉಳ್ಳವರಿಗೆ ಬರೆದುಕೊಟ್ಟು, ನಾವು ಸಿಟ್ಟನ್ನಷ್ಟೇ ಇಟ್ಟುಕೊಳ್ಳಬೇಕೆ? ಆ ಪಾಲುಪಟ್ಟಿಗೆ ನಾವು ರುಜು ಹಾಕೋದಿಲ್ಲ.

ಹೊರಗೆ ರಸ್ತೆ ಗುಡಿಸುವ ಅಕ್ಕಂದಿರನ್ನೂ ಒಳಗೆ ಕರೆಯಿರಿ. ಆ ಹೂಗಳನ್ನು ಅವರಷ್ಟು ಹತ್ತಿರದಿಂದ ಬಲ್ಲವರು ಇನ್ಯಾರಿದ್ದಾರೆ?