ಜೈಲಿನ ಪದವಿಗೆ ಮೇಷ್ಟ್ರು ಎಲ್ಲಿ?

ಬಿಳಗಿಯಿಂದ ಸಿದ್ದಾಪುರ ದಾಟಿ ಜೋಗದ ರಸ್ತೆ ಹಿಡಿದರೆ ಮಾವಿನಗುಂಡಿ ಸಿಗುತ್ತದೆ. 1932ರ ಕರನಿರಾಕರಣೆಯಲ್ಲಿ ಈ ಸೀಮೆಯ ರೈತರು ಜಮೀನು ಜಪ್ತಿಯಾದರೂ ತೀರ್ವೆ ಕಟ್ಟದೆ ಜೈಲು ಸೇರಿದರು. ಆ ಕಾಲದ ಜೈಲುಗಳಲ್ಲಿ ಓದು ಬಲ್ಲವರು ಜೊತೆಯವರಿಗೆ ಅಕ್ಷರ, ಹಿಂದಿ ಹೇಳಿಕೊಡುತ್ತಿದ್ದರು. ಪದವಿ ಇರಲಿಲ್ಲ, ಗುರು ಇದ್ದ. ಇಂದಿನ ನಮ್ಮ ಜೈಲುಗಳಲ್ಲಿ ಪದವಿ ಇದೆ, ಗುರುವಿಲ್ಲ.

ಇಂದಿರಾ ಗಾಂಧಿ ರಾಷ್ಟ್ರೀಯ ಮುಕ್ತ ವಿಶ್ವವಿದ್ಯಾಲಯ 1994ರಲ್ಲಿ ತಿಹಾರ್ ಜೈಲಿನೊಳಗೆ ಅಧ್ಯಯನ ಕೇಂದ್ರ ತೆರೆಯಿತು. ಮುಂದೆ ಕೈದಿಗಳಿಗೆ ಶುಲ್ಕವನ್ನೂ ಬಿಟ್ಟಿತು. ಪಿಯುಸಿ ಮುಗಿಸದವರಿಗೂ ಪೂರ್ವಸಿದ್ಧತಾ ಕೋರ್ಸಿನ ಮೂಲಕ ಬಿ.ಎ.ಗೆ ದಾರಿ ಮಾಡಿಕೊಟ್ಟಿತು. ಬಡವರೇ ಹೆಚ್ಚಿರುವ ನಮ್ಮ ಜೈಲುಗಳಿಗೆ ಇದು ದೊಡ್ಡ ಉಪಕಾರ. ಇದನ್ನು ಮನಸಾರೆ ಮೆಚ್ಚುತ್ತೇನೆ.

ಆದರೆ ದೂರಶಿಕ್ಷಣ ರೂಪುಗೊಂಡದ್ದು ಹೊರಗಿನವರಿಗಾಗಿ. ಅರ್ಥವಾಗದಿದ್ದರೆ ಅವರು ಫೋನ್ ಮಾಡಿ ಕೇಳುತ್ತಾರೆ, ಸಂಪರ್ಕ ತರಗತಿಗೆ ಬಸ್ಸು ಹತ್ತುತ್ತಾರೆ, ಗೆಳೆಯನ ನೋಟ್ಸು ತರುತ್ತಾರೆ. ಬ್ಯಾರಕ್ಕಿನಲ್ಲಿ ಕೂತವನ ಪಾಲಿಗೆ ಈ ಮೂರೂ ಇಲ್ಲ. ಪ್ರಯೋಗಾಲಯ ಬೇಕಾದ ವಿಜ್ಞಾನವನ್ನಂತೂ ಕೇಳುವುದೇ ಬೇಡ. ಭಾಷೆಯದು ಇನ್ನೊಂದು ಗೋಡೆ: ಈ ವಿಶ್ವವಿದ್ಯಾಲಯದ ಪದವಿ ಪಠ್ಯಗಳು ಬಹುಪಾಲು ಇಂಗ್ಲಿಷ್, ಹಿಂದಿಯಲ್ಲಿವೆ. ಕನ್ನಡ ಶಾಲೆಯಲ್ಲಿ ಏಳನೇ ಕ್ಲಾಸಿಗೆ ಬಿಟ್ಟವನು ಅವನ್ನು ಒಬ್ಬನೇ ಹೇಗೆ ಬಿಡಿಸಿಯಾನು? 1996ರಲ್ಲಿ ಹುಟ್ಟಿದ ಮೈಸೂರಿನ ಕರ್ನಾಟಕ ರಾಜ್ಯ ಮುಕ್ತ ವಿಶ್ವವಿದ್ಯಾಲಯದಲ್ಲಿ ಕನ್ನಡದಲ್ಲೇ ಪದವಿ ಓದಬಹುದು. ನಮ್ಮ ಕೈದಿಗಳ ಮಟ್ಟಿಗೆ ಆ ದಾರಿಯೇ ಹತ್ತಿರದ್ದು, ಅಗಲವಾಗಬೇಕಾದದ್ದೂ ಅದೇ.

ದೇಶದ ಕೈದಿಗಳಲ್ಲಿ ಸುಮಾರು ಮುಕ್ಕಾಲು ಪಾಲು ವಿಚಾರಣಾಧೀನರು ಎಂಬುದನ್ನೂ ಮರೆಯಬಾರದು. ಇವತ್ತು ಜಾಮೀನು, ನಾಳೆ ಇನ್ನೊಂದು ಜೈಲಿಗೆ ವರ್ಗ. ಮೂರು ವರ್ಷದ ಪದವಿಯ ಲೆಕ್ಕಾಚಾರ ಅವರ ಬದುಕಿಗೆ ಒಗ್ಗುವುದಿಲ್ಲ.

ಎದುರು ನಿಂತು ಕಲಿಸಿದರೆ ಏನಾಗುತ್ತದೆ ಎಂಬುದನ್ನು ಕರ್ನಾಟಕ ಕಂಡಿದೆ. ರಂಗಾಯಣದ ಹುಲುಗಪ್ಪ ಕಟ್ಟೀಮನಿ ಕೈದಿಗಳ ಜೊತೆ ಕೂತು ನಾಟಕ ಕಟ್ಟಿದರು. ಆ ನಾಟಕಗಳು ಜೈಲಿನ ಗೇಟು ದಾಟಿ ಊರಿನ ರಂಗಮಂದಿರಕ್ಕೆ ಬಂದವು. ಮಾತು ತಪ್ಪಿದಾಗ ತಿದ್ದಲು ಅಲ್ಲಿ ಒಬ್ಬರಿದ್ದರು. ಅಮೆರಿಕದ ನ್ಯೂಯಾರ್ಕ್ ರಾಜ್ಯದಲ್ಲಿ ಬಾರ್ಡ್ ಕಾಲೇಜು 2001ರಿಂದ ಇದನ್ನೇ ಪದವಿಗೂ ಅನ್ವಯಿಸಿದೆ: ಅಧ್ಯಾಪಕರೇ ಜೈಲಿನೊಳಗೆ ಹೋಗಿ ಪಾಠ ಮಾಡುತ್ತಾರೆ, ಪ್ರಬಂಧ ಬರೆಸುತ್ತಾರೆ, ವಾದಕ್ಕೆ ಎಳೆಯುತ್ತಾರೆ. ಕೈದಿಯೆಂದು ಪಠ್ಯವನ್ನು ಸಡಿಲ ಮಾಡುವುದಿಲ್ಲ. ಈ ಗೌರವ ನನಗೆ ಬಹಳ ದೊಡ್ಡದಾಗಿ ಕಾಣುತ್ತದೆ.

ನಮಗೆ ಅಷ್ಟು ದೂರ ನೋಡಬೇಕಾಗಿಯೂ ಇಲ್ಲ. ಧಾರವಾಡದಲ್ಲಿ ಕೇಂದ್ರ ಕಾರಾಗೃಹವಿದೆ, ಅದೇ ಊರಿನಲ್ಲಿ ಕರ್ನಾಟಕ ವಿಶ್ವವಿದ್ಯಾಲಯವೂ ಇದೆ. ಶಿವಮೊಗ್ಗ ಜಿಲ್ಲೆಯಲ್ಲಿ ಸೋಗಾನೆಯ ಜೈಲಿದೆ, ಶಂಕರಘಟ್ಟದ ಕುವೆಂಪು ವಿಶ್ವವಿದ್ಯಾಲಯವಿದೆ. ವಾರಕ್ಕೆ ಎರಡು ದಿನ ಇಬ್ಬರು ಅಧ್ಯಾಪಕರು ಆ ಗೇಟಿನಲ್ಲಿ ಸಹಿ ಹಾಕಿ ಒಳಗೆ ಹೋಗಲಿ. ಮೊದಲ ಪಾಠ ಹಳೆಗನ್ನಡವೋ ಅರ್ಥಶಾಸ್ತ್ರವೋ, ಅದನ್ನು ಒಳಗೆ ಕಾದು ಕೂತವರನ್ನೇ ಕೇಳಿ ತೀರ್ಮಾನಿಸಲಿ.