ನರ, ಸ್ನಾಯು, ಧಮನಿ: ಶರೀರಶಾಸ್ತ್ರದ ಕನ್ನಡ ಪರಿಭಾಷೆಯ ಒಂದು ವಿಮರ್ಶೆ

ಶರೀರರಚನೆ ಮತ್ತು ಶರೀರಕ್ರಿಯೆಗಳನ್ನು ಪರಿಚಯಿಸುವ ಕನ್ನಡ ಪುಸ್ತಕಗಳ ಕುರಿತ ಚರ್ಚೆ ಬಹುಕಾಲದಿಂದ ಒಂದೇ ಪ್ರಶ್ನೆಯ ಸುತ್ತ ನಡೆದಿದೆ: ಪಾರಿಭಾಷಿಕ ಪದಗಳನ್ನು ಸಂಸ್ಕೃತದಿಂದ ಪಡೆಯಬೇಕೆ, ಇಂಗ್ಲಿಷಿನಿಂದ ಎರವು ತರಬೇಕೆ, ಕನ್ನಡದ ಬೇರುಗಳಿಂದಲೇ ಕಟ್ಟಬೇಕೆ? ಶಾಲಾಪಠ್ಯಗಳು ಬಹುಮಟ್ಟಿಗೆ ಮೊದಲ ದಾರಿಯನ್ನೂ ಆಸ್ಪತ್ರೆಗಳು ಎರಡನೆಯದನ್ನೂ ಹಿಡಿದಿವೆ. ಮೂರನೆಯದನ್ನು ಡಿ.ಎನ್. ಶಂಕರ ಭಟ್ಟರು ಸಮರ್ಥವಾಗಿ ಪ್ರತಿಪಾದಿಸಿದರು. ಪದದ ಮೂಲವನ್ನು ಕುರಿತ ಈ ವಾದವು ಅದಕ್ಕಿಂತ ಮುಂಚಿನ ಪ್ರಶ್ನೆಯೊಂದನ್ನು ಮರೆಸಿದೆ ಎಂಬುದು ನಮ್ಮ ನಿಲುವು. ಓದುಗನ ಬಾಯಲ್ಲಿ ಆ ಪದಕ್ಕೆ ಈಗಾಗಲೇ ಇರುವ ಅರ್ಥ ಯಾವುದು, ಪುಸ್ತಕ ಕೊಡುವ ಅರ್ಥ ಯಾವುದು, ಇವೆರಡರ ನಡುವಿನ ಗಡಿಯನ್ನು ಪುಸ್ತಕ ತೋರಿಸುತ್ತದೆಯೆ? ಶಿವಮೊಗ್ಗ ಮತ್ತು ಭದ್ರಾವತಿಯ ಮಾತನ್ನು ಎದುರಿಗಿಟ್ಟುಕೊಂಡು ಮೂರು ಪದಗಳನ್ನು ಇಲ್ಲಿ ಪರಿಶೀಲಿಸುತ್ತೇವೆ.

ಮೊದಲನೆಯದು ‘ನರ’. ಪಠ್ಯಪುಸ್ತಕದಲ್ಲಿ ಇದು ಮಿದುಳು ಮತ್ತು ಮಿದುಳುಬಳ್ಳಿಯಿಂದ ಹೊರಟು ಸಂವೇದನೆ ಹಾಗೂ ಚಲನೆಯ ಸಂದೇಶಗಳನ್ನು ಒಯ್ಯುವ ತಂತು. ಆದರೆ ಶಿವಮೊಗ್ಗದ ಮೆಗ್ಗಾನ್ ಆಸ್ಪತ್ರೆಯಲ್ಲಾಗಲಿ, ಬೇರೆ ಯಾವ ಚಿಕಿತ್ಸಾಲಯದಲ್ಲಾಗಲಿ, ಸೂಜಿ ಚುಚ್ಚುವಾಗ ‘ನರ ಸಿಗುತ್ತಿಲ್ಲ’ ಎಂದರೆ ಅಲ್ಲಿ ಹುಡುಕುತ್ತಿರುವುದು ರಕ್ತನಾಳವನ್ನು. ಕುತ್ತಿಗೆ ತಿರುಗಿಸಲಾಗದೆ ‘ನರ ಹಿಡಿದುಕೊಂಡಿದೆ’ ಎನ್ನುವವನು ಹೇಳುತ್ತಿರುವುದು ಹೆಚ್ಚಾಗಿ ಮಾಂಸಖಂಡದ ಸೆಳೆತವನ್ನು. ಗೋಡೆಯ ಮೇಲಿನ ಜಾಹೀರಾತಿನ ‘ನರದೌರ್ಬಲ್ಯ’ಕ್ಕಂತೂ ದೇಹದಲ್ಲಿ ಗೊತ್ತಾದ ನೆಲೆಯೇ ಇಲ್ಲ.

ಇದನ್ನು ಅಜ್ಞಾನವೆಂದು ತಳ್ಳಿಹಾಕುವುದು ಭಾಷಾವಿಜ್ಞಾನದ ಮಾತಾಗದು. ಕನ್ನಡದ ನರ, ತಮಿಳಿನ ನರಂಬು, ತೆಲುಗಿನ ನರಮು, ಮಲಯಾಳದ ಞರಂಬು ಒಂದೇ ದ್ರಾವಿಡ ಮೂಲದ ಪದಗಳು. ಚರ್ಮದಡಿಯಲ್ಲಿ ದಾರದಂತೆ ತೋರುವುದೆಲ್ಲ ಇವುಗಳ ಅರ್ಥವ್ಯಾಪ್ತಿಯೊಳಗೆ ಬರುತ್ತದೆ. ತಮಿಳಿನಲ್ಲಿ ವೀಣೆಯ ತಂತಿಯೂ ನರಂಬೇ. 1923ರಲ್ಲಿ ಕಬ್ಬಿಣದ ಉತ್ಪಾದನೆ ಆರಂಭವಾದ ಮೇಲೆ ಕಾರ್ಖಾನೆಯ ಊರಾಗಿ ಬೆಳೆದ ಭದ್ರಾವತಿಯಲ್ಲಿ ಕನ್ನಡದೊಡನೆ ತಮಿಳು, ತೆಲುಗು, ಉರ್ದು ನಿತ್ಯದ ಮಾತುಗಳು. ಉರ್ದುವಿನ ‘ನಸ್’ ಬೇರೆ ಕುಲದ ಪದವಾದರೂ ಆಡುಮಾತಿನಲ್ಲಿ ರಕ್ತನಾಳ, ನರ, ಸ್ನಾಯುರಜ್ಜು ಮೂರನ್ನೂ ಸೂಚಿಸುತ್ತದೆ. ಹೀಗಾಗಿ ಈ ಊರಿನಲ್ಲಿ ಭಾಷೆ ಬದಲಿಸಿದರೂ ಗೊಂದಲ ಕಳೆಯುವುದಿಲ್ಲ. ಯಂತ್ರಕ್ಕೆ ಸಿಕ್ಕಿ ಮಣಿಕಟ್ಟು ಸೀಳಿದವನ ವಿಷಯದಲ್ಲಿ ‘ನರ ತುಂಡಾಗಿದೆ’ ಎಂಬ ಒಂದು ವಾಕ್ಯಕ್ಕೆ ಮೂರು ಅರ್ಥಗಳು ಸಾಧ್ಯ. ರಕ್ತನಾಳ ತುಂಡಾದರೆ ರಕ್ತಸ್ರಾವ. ಸ್ನಾಯುರಜ್ಜು ತುಂಡಾದರೆ ಬೆರಳು ಮಡಚದು. ನರವೇ ತುಂಡಾದರೆ ಬೆರಳಿನ ಸ್ಪರ್ಶಜ್ಞಾನ ಹೋಗುತ್ತದೆ. ಶಸ್ತ್ರಚಿಕಿತ್ಸೆಗೆ ಸಹಿ ಹಾಕುವ ಮನೆಯವರು ಇವುಗಳಲ್ಲಿ ಯಾವುದನ್ನು ಅರ್ಥಮಾಡಿಕೊಂಡು ಸಹಿ ಹಾಕುತ್ತಾರೆ?

ಎರಡನೆಯದು ‘ಸ್ನಾಯು’. ಸಂಸ್ಕೃತ ಪದಗಳನ್ನು ಬಳಸಿದರೆ ಭಾರತೀಯ ಭಾಷೆಗಳಿಗೆಲ್ಲ ಸಮಾನ ಪರಿಭಾಷೆ ದೊರೆಯುತ್ತದೆ ಎಂಬ ವಾದಕ್ಕೆ ಇದೊಂದೇ ಪದ ತಕ್ಕ ಉತ್ತರ. ಕನ್ನಡ ಪಠ್ಯದಲ್ಲಿ ಸ್ನಾಯುವೆಂದರೆ ಸಂಕುಚಿಸಿ ವಿಕಸಿಸುವ ಮಾಂಸಖಂಡ. ಬಂಗಾಳಿಯಲ್ಲಿ ಅದೇ ಪದಕ್ಕೆ ನರ ಎಂದರ್ಥ. ಸುಶ್ರುತ ಸಂಹಿತೆಯ ಶಾರೀರಸ್ಥಾನವು 900 ಸ್ನಾಯುಗಳನ್ನೂ 500 ಪೇಶಿಗಳನ್ನೂ ಬೇರೆಬೇರೆಯಾಗಿ ಎಣಿಸುತ್ತದೆ. ಅಲ್ಲಿ ಸ್ನಾಯುವು ಕಟ್ಟುವ ತಂತು, ಪೇಶಿಯು ಮಾಂಸಖಂಡ. ಶಿವಮೊಗ್ಗದಲ್ಲಿ ವೈದ್ಯಕೀಯ ಕಾಲೇಜೂ ಇದೆ, ಆಯುರ್ವೇದ ಕಾಲೇಜುಗಳೂ ಇವೆ. ಒಂದೇ ಪ್ರೌಢಶಾಲೆಯಲ್ಲಿ ಕನ್ನಡ ಮಾಧ್ಯಮದಲ್ಲಿ ಕಲಿತ ಇಬ್ಬರಲ್ಲಿ ಆಯುರ್ವೇದಕ್ಕೆ ಹೋದವಳು ತಾನು ಶಾಲೆಯಲ್ಲಿ ಕಲಿತ ಸ್ನಾಯುವನ್ನು ಮರೆತೇ ಸಂಹಿತೆಯ ಸ್ನಾಯುವನ್ನು ಕಲಿಯಬೇಕು. ಪರಿಚಯಾತ್ಮಕ ಪುಸ್ತಕವು ಈ ಅರ್ಥಪಲ್ಲಟವನ್ನು ಒಂದು ವಾಕ್ಯದಲ್ಲಿ ತಿಳಿಸಿದ್ದರೆ ಸಾಕಾಗಿತ್ತು.

ಮೂರನೆಯದು ಧಮನಿಯಿಂದ ಕಟ್ಟಿದ ಜೋಡಿ: ಅಪಧಮನಿ, ಅಭಿಧಮನಿ. ರಚನೆಯ ದೃಷ್ಟಿಯಿಂದ ಇದು ಜಾಣ ಸೃಷ್ಟಿಯೆಂದು ಒಪ್ಪುತ್ತೇವೆ. ‘ಅಪ’ ಎಂದರೆ ದೂರಕ್ಕೆ, ‘ಅಭಿ’ ಎಂದರೆ ಕಡೆಗೆ. ಹೃದಯದಿಂದ ರಕ್ತವನ್ನು ಒಯ್ಯುವುದು ಒಂದು, ಹೃದಯದತ್ತ ತರುವುದು ಇನ್ನೊಂದು. ಆದರೆ ಉಪಸರ್ಗದ ಅರ್ಥ ತಿಳಿಯದ ವಿದ್ಯಾರ್ಥಿಗೆ ಉಳಿಯುವುದು ಪ ಮತ್ತು ಭಿ ಅಕ್ಷರಗಳ ವ್ಯತ್ಯಾಸ ಮಾತ್ರ. ಆಡುಮಾತಿನಲ್ಲಿ ಮಹಾಪ್ರಾಣ ಅಲ್ಪಪ್ರಾಣವಾಗುತ್ತದೆ, ನಡುವಿನ ಹ್ರಸ್ವಸ್ವರ ಸವೆಯುತ್ತದೆ. ಆಗ ಕಿವಿಗೆ ಆ ವ್ಯತ್ಯಾಸವೂ ಮಸುಕಾಗುತ್ತದೆ. ಇದನ್ನು ಸರಿಪಡಿಸಲು ತರಗತಿಯಲ್ಲಿ ಬಳಕೆಗೆ ಬಂದದ್ದು ‘ಶುದ್ಧ ರಕ್ತ’, ‘ಅಶುದ್ಧ ರಕ್ತ’ ಎಂಬ ವಿವರಣೆ. ಇದು ಎರಡು ರೀತಿಯಲ್ಲಿ ತಪ್ಪು. ಶ್ವಾಸಕೋಶದ ಅಪಧಮನಿಯು ಆಮ್ಲಜನಕ ಕಡಿಮೆಯಿರುವ ರಕ್ತವನ್ನೇ ಒಯ್ಯುತ್ತದೆ. ಉಪಸರ್ಗ ಸರಿಯಾಗಿ ಹೇಳಿದ್ದನ್ನು ವಿವರಣೆ ಕೆಡಿಸುತ್ತದೆ. ಜೊತೆಗೆ, ಮಡಿಮೈಲಿಗೆಯ ನೆನಪು ಗಾಢವಾಗಿರುವ ನಮ್ಮ ಸಮಾಜದಲ್ಲಿ ‘ಅಶುದ್ಧ’ವೆಂಬ ಮಾತು ಆಮ್ಲಜನಕದ ಪ್ರಮಾಣವನ್ನಷ್ಟೇ ಸೂಚಿಸಿ ಸುಮ್ಮನಾಗುವುದಿಲ್ಲ, ದೇಹದಲ್ಲಿ ಹೊರಹಾಕಬೇಕಾದ ಕೆಟ್ಟ ರಕ್ತವಿದೆ ಎಂಬ ನಂಬಿಕೆಗೆ ಶಾಸ್ತ್ರದ ಮುದ್ರೆ ಒತ್ತುತ್ತದೆ.

ಹೆಸರುಗಳು ಹಳೆಯ ತಿಳಿವಳಿಕೆಯನ್ನು ಹೊತ್ತು ಬರುವುದು ಕನ್ನಡದ ಕೊರತೆಯೇನಲ್ಲ. ಗ್ರೀಕಿನ ‘ನ್ಯೂರಾನ್’ ಮೊದಲು ಸ್ನಾಯುರಜ್ಜುವನ್ನೂ ಬಿಲ್ಲಿನ ಹೆದೆಯನ್ನೂ ಹೇಳುತ್ತಿತ್ತು, ಕ್ರಿ.ಪೂ. ಮೂರನೆಯ ಶತಮಾನದ ಅಲೆಕ್ಸಾಂಡ್ರಿಯಾದಲ್ಲಿ ಹೆರೋಫಿಲಸ್ ಮುಂತಾದವರು ನರವನ್ನು ಪ್ರತ್ಯೇಕವಾಗಿ ಗುರುತಿಸಿದ ಮೇಲೆ ಅದರ ಅರ್ಥ ಕ್ರಮೇಣ ಕಿರಿದಾಯಿತು. ಊದು ಎಂಬರ್ಥದ ಧಾತುವಿನಿಂದ ಬಂದ ‘ಧಮನಿ’ಯಂತೆಯೇ ಗ್ರೀಕಿನ ‘ಆರ್ಟೀರಿಯಾ’ಕ್ಕೂ ಗಾಳಿಯ ನಂಟಿತ್ತು. 1628ರಲ್ಲಿ ವಿಲಿಯಂ ಹಾರ್ವೆ ರಕ್ತಪರಿಚಲನೆಯನ್ನು ವಿವರಿಸಿದ ಮೇಲೂ ಆ ಹೆಸರು ಉಳಿಯಿತು, ಅರ್ಥ ಮಾತ್ರ ಸ್ಪಷ್ಟವಾಯಿತು. ಆದ್ದರಿಂದ ಹೊಸ ಪದಗಳ ಇನ್ನೊಂದು ಪಟ್ಟಿಯನ್ನು ನಾವು ಕೇಳುತ್ತಿಲ್ಲ.

ನಮ್ಮ ಸಲಹೆ ಮಿತವಾದದ್ದು. ಪ್ರತಿಯೊಂದು ಅಂಗವ್ಯೂಹದ ಅಧ್ಯಾಯವೂ ಆಡುಮಾತಿನಿಂದ ಆರಂಭವಾಗಲಿ: ಜನ ‘ನರ’ ಎಂದಾಗ ಯಾವ ಮೂರನ್ನು ಹೇಳುತ್ತಾರೆ, ಈ ಪುಸ್ತಕದಲ್ಲಿ ಅವುಗಳಲ್ಲಿ ಯಾವುದಕ್ಕೆ ಮಾತ್ರ ಆ ಹೆಸರು ಎಂಬುದನ್ನು ಮೊದಲೇ ತಿಳಿಸಲಿ. ಅಪಧಮನಿಯನ್ನು ‘ಹೃದಯದಿಂದ ಹೊರಡುವ ರಕ್ತನಾಳ’ವೆಂದೂ ಅಭಿಧಮನಿಯನ್ನು ‘ಹೃದಯದತ್ತ ಮರಳುವ ರಕ್ತನಾಳ’ವೆಂದೂ ಪರಿಚಯಿಸಿದ ಬಳಿಕವೇ ಆ ಹೆಸರುಗಳನ್ನು ಬಳಸಲಿ. ಪದವೊಂದನ್ನು ಅಂಗೀಕರಿಸುವ ಮುನ್ನ ಗಟ್ಟಿಯಾಗಿ ಓದಿ, ಕೇಳಿದವರು ಅದರ ಜೋಡಿಪದದಿಂದ ಬೇರ್ಪಡಿಸಬಲ್ಲರೆ ಎಂದು ಪರೀಕ್ಷಿಸಲಿ. ಪರಿಭಾಷಾ ಸಮಿತಿಗಳು ಪದವನ್ನು ಕಣ್ಣಿನಿಂದ ಓದಿ ಒಪ್ಪುತ್ತವೆ. ರೋಗಿಗೆ ಅದು ತಲಪುವುದು ಕಿವಿಯ ಮೂಲಕ, ಅದೂ ನೋವಿನ ನಡುವೆ. ಪದದ ಕುಲವನ್ನು ವಿಚಾರಿಸುವ ಮೊದಲು ಆ ಕಿವಿಯನ್ನು ವಿಚಾರಿಸಬೇಕೆಂದು ನಾವು ಭಾವಿಸುತ್ತೇವೆ.